ಕಡಗದ ಬೆನ್ನು

ಅಮ್ಮ ಕಡಗವನ್ನು ಕೈಗೆ ತಗೊಂಡು ಅಂಗೈಯಲ್ಲೇ ಎರಡು ಸಲ ಹಾರಿಸಿ ಹಿಡಿದಳು, ಅಂಗಡಿಯಲ್ಲಿ ತೆಂಗಿನಕಾಯಿ ಆರಿಸುವ ಹಾಗೆ. ಆಮೇಲೆ ಕಿಟಕಿ ಹತ್ತಿರ ಹೋಗಿ ಬೆಳಕಿಗೆ ಹಿಡಿದಳು. "ಇದು ಜರ್ಮನ್ ಸಿಲ್ವರ್ ಮಾರಾಯ್ತಿ" ಅಂತ ವಾಪಸ್ ಕೊಟ್ಟಳು. ಒಲೆ ಮೇಲೆ ಒಗ್ಗರಣೆ ಸಿಡಿಯುತ್ತಿತ್ತು, ಆ ಕಡೆ ತಿರುಗಿದಳು. ಅವಳ ಮಟ್ಟಿಗೆ ವಿಷಯ ಮುಗಿಯಿತು.

ನನ್ನ ಮಟ್ಟಿಗೆ ಮುಗಿಯಲಿಲ್ಲ. "ಅಮ್ಮಾ, ಇದು ಮೆಕ್ಸಿಕೋದ್ದು. ಟಾಸ್ಕೋ ಅಂತ ಊರು. ಊರಿಗೆ ಊರೇ ಬೆಳ್ಳಿ ಕೆಲಸ ಮಾಡ್ತದೆ. ಅಲ್ಲಿಗೆ ಹೋಗಿ ಯಾರಾದ್ರೂ ಜರ್ಮನ್ ಸಿಲ್ವರ್ ತರ್ತಾರಾ?" ಅಂದೆ. "ನೀನು ತಂದಿದ್ದೀಯಲ್ಲ" ಅಂದಳು, ತಿರುಗಿಯೂ ನೋಡದೆ. ಆಮೇಲೆ ಪಾಪ ಅನಿಸಿತೋ ಏನೋ, ಒಲೆ ಸಣ್ಣ ಮಾಡಿ ಬಂದು ವಿವರಿಸಿದಳು. ತಂದು ವರ್ಷ ಆಯ್ತಲ್ಲ? ಬೆಳ್ಳಿ ಆಗಿದ್ದರೆ ಇಷ್ಟೊತ್ತಿಗೆ ಕಪ್ಪಾಗಬೇಕಿತ್ತು. ಕಪ್ಪಾಗೋದು ಬೆಳ್ಳಿಯ ಗುಣ, ಎರಡು ಬೆರಳು ವಿಭೂತಿ ಹಾಕಿ ಉಜ್ಜಿದರೆ ಮತ್ತೆ ಬಿಳಿ. ಇದು ನೋಡು, ಹಳದಿಗೆ ತಿರುಗಿದೆ. ಮಣಿಕಟ್ಟಿನ ಹತ್ತಿರ ನಿನಗೆ ಹಸಿರು ಗುರುತು ಬರ್ತಿತ್ತಾ? ಬರ್ತಿತ್ತು. ನಾನಿರುವ ಹ್ಯೂಸ್ಟನ್ನಿನ ಬೆವರಿಗೆ ಹಾಗಾಗ್ತದೆ ಅಂದುಕೊಂಡಿದ್ದೆ.

ಕೊನೆಗೆ ಕಡಗ ತಿರುಗಿಸಿ, ಕನ್ನಡಕ ಹಣೆ ಮೇಲಿಂದ ಮೂಗಿಗೆ ಇಳಿಸಿ, ಒಳಗಡೆ ಒತ್ತಿದ್ದ ಅಕ್ಷರಗಳನ್ನು ಒಂದೊಂದೇ ಕೂಡಿಸಿ ಓದಿದಳು. "ಅಲ್ಪಾಕಾ. ಮೆಕ್ಸಿಕೋ. ಅಲ್ಪಾಕಾ ಅಂದ್ರೆಂತ?" ನನಗೆ ಗೊತ್ತಿದ್ದದ್ದು ಒಂದೇ ಅಲ್ಪಾಕಾ. ದಕ್ಷಿಣ ಅಮೆರಿಕದ ಬೆಟ್ಟಗಳಲ್ಲಿ ಇರುವ, ಕುರಿಗೆ ಒಂಟೆಯ ಕುತ್ತಿಗೆ ಅಂಟಿಸಿದ ಹಾಗೆ ಕಾಣುವ ಪ್ರಾಣಿ. ಅದು ಕಂಪನಿ ಹೆಸರು ಅಂತ ನಾನು ಒಂದು ವರ್ಷ ನಂಬಿದ್ದೆ. ಆ ರಾತ್ರಿ ಫೋನಿನಲ್ಲಿ ಹುಡುಕಿದಾಗ ಗೊತ್ತಾಯಿತು. ತಾಮ್ರ, ನಿಕ್ಕಲ್, ಸತು ಸೇರಿಸಿ ಮಾಡುವ ಲೋಹ. ಬೆಳ್ಳಿ ಒಂದು ಗುಲಗಂಜಿ ತೂಕವೂ ಇಲ್ಲ. ಚೀನಾದವರು ಹಿಂದಿನಿಂದ ಮಾಡುತ್ತಿದ್ದದ್ದನ್ನು ನೋಡಿ 19ನೇ ಶತಮಾನದಲ್ಲಿ ಜರ್ಮನ್ನರು ತಯಾರಿಸಿದರು. ಹಾಗಾಗಿ ನಮ್ಮಲ್ಲಿ ಅದರ ಹೆಸರು ಜರ್ಮನ್ ಸಿಲ್ವರ್, ಸ್ಪ್ಯಾನಿಷ್ ಮಾತಾಡುವ ಕಡೆ ಅಲ್ಪಾಕಾ. ಅಂದರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಅಂಗಡಿ ತುಂಬ ಹೊಳೆಯುವ ಮುಖವಾಡ, ಬೆಂಗಳೂರಿನ ಫುಟ್‌ಪಾತಿನಲ್ಲಿ ಕಾಲೇಜು ಹುಡುಗಿಯರು ಚೌಕಾಸಿ ಮಾಡಿ ಕೊಳ್ಳುವ ಆಕ್ಸಿಡೈಸ್ಡ್ ಜುಮಕಿ ಇದೆಯಲ್ಲ, ಅದರಲ್ಲಿ ಎಷ್ಟೋ ಅದೇ ಲೋಹ. ಅದನ್ನು ತರೋದಕ್ಕೆ ನಾನು ವಿಮಾನ ಹತ್ತಿದ್ದೆ, ಬಸ್ಸಲ್ಲಿ ವಾಂತಿ ಮಾಡಿಕೊಂಡಿದ್ದೆ.

ಮೋಸ ಹೋದೆ ಅಂತ ಹೇಳಲೂ ಬರುವುದಿಲ್ಲ. ಅದೇ ಕಿರಿಕಿರಿ. ಮಾರಿದ ಹೆಂಗಸು ಸುಳ್ಳು ಹೇಳಿರಲಿಲ್ಲ. ನಾನು ಕಡಗ ಎತ್ತಿ "ಪ್ಲಾತಾ?" ಅಂದಿದ್ದೆ, ಬೆಳ್ಳಿಯಾ ಅಂತ. ಆಕೆ "ಅಲ್ಪಾಕಾ" ಅಂದಿದ್ದಳು. ನಾನು ಅದು ಡಿಸೈನಿನ ಹೆಸರು ಅಂದುಕೊಂಡು ಜಾಣೆಯ ಹಾಗೆ ತಲೆ ಆಡಿಸಿದ್ದೆ. ಕಡಗದ ಬೆನ್ನ ಮೇಲೂ ಅದನ್ನೇ ಒತ್ತಿದ್ದರು. ಎಲ್ಲರೂ ನಿಜವನ್ನೇ ಹೇಳಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ.

ಶನಿವಾರದ ಸಂತೆ

ಟಾಸ್ಕೋಗೆ ಹೋದದ್ದು ಗೆಳತಿಯ ದೆಸೆಯಿಂದ. ನನ್ನ ಜೊತೆ ಕೆಲಸ ಮಾಡುವವಳು, ಅವಳ ತಾಯಿಯ ಕಡೆಯವರು ಗೆರೆರೊ ರಾಜ್ಯದವರು. ನಾನು ಬೋರ್ಡು ನೋಡಿ ಟ್ಯಾಕ್ಸ್‌ಕೋ ಅಂತ ಓದುತ್ತಿದ್ದೆ, ಅವಳು ಪ್ರತಿ ಸಲ ನಗುತ್ತಿದ್ದಳು. ಮೆಕ್ಸಿಕೋ ಸಿಟಿಯಿಂದ ಬಸ್ಸಿನಲ್ಲಿ ಎರಡೂವರೆ ಮೂರು ಗಂಟೆ. ಕೊನೆಗೆ ಸಿಗುವ ತಿರುವುಗಳು ಆಗುಂಬೆ ಘಾಟಿಯವನ್ನು ನೆನಪಿಸಿದವು, ಹೊಟ್ಟೆಗೂ ಸೇರಿ. ಊರು ಗುಡ್ಡಕ್ಕೆ ಅಂಟಿಕೊಂಡಿದೆ. ಎಲ್ಲ ಮನೆಗೂ ಬಿಳಿ ಸುಣ್ಣ, ಕೆಂಪು ಹೆಂಚು. ರಸ್ತೆಗೆ ಕಲ್ಲು ಹಾಸಿದ್ದಾರೆ. ಎಷ್ಟು ಕಡಿದು ಅಂದರೆ ಟ್ಯಾಕ್ಸಿ ಅಂತ ಓಡುವುದು ಹಳೇ ಬಿಳಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರುಗಳು. ಮುಂದಿನ ಸೀಟು ಕಿತ್ತು ಹಾಕಿರುತ್ತಾರೆ, ನೇರ ಹಿಂದೆ ಹೋಗಿ ಕೂತುಕೊಳ್ಳಬೇಕು. ತಿರುವಿನಲ್ಲಿ ಎರಡು ಕಾರು ಎದುರಾದರೆ ಒಂದು ಹಿಂದಕ್ಕೆ ಇಳಿಯಬೇಕು. ಚಾಲಕರಿಗೆ ಅದೇನೂ ಲೆಕ್ಕಕ್ಕಿಲ್ಲ, ಒಂದು ಕೈಯಲ್ಲಿ ಫೋನ್ ಬೇರೆ.

ಶನಿವಾರ ಅಲ್ಲಿ ಬೆಳ್ಳಿಯ ಸಂತೆ. ಸಂತೆ ಅಂದರೆ ಸಂತೆಯೇ, ನಮ್ಮ ಸಾಗರದ ಸಂತೆಯ ಹಾಗೆ ಟಾರ್ಪಾಲು ಕಟ್ಟಿ, ಬದನೆಕಾಯಿ ಸುರಿಯುವ ಜಾಗದಲ್ಲಿ ಬೆಳ್ಳಿ ಸುರಿದಿರುತ್ತಾರೆ. ಸುತ್ತಲ ಹಳ್ಳಿಗಳ ಮನೆಮನೆಗಳಲ್ಲಿ ವಾರವಿಡೀ ಮಾಡಿದ್ದನ್ನು ಅವತ್ತು ತರುತ್ತಾರೆ. ಉಂಗುರಗಳು ಕಿಲೋ ಲೆಕ್ಕದಲ್ಲಿ. ಮೆಕ್ಸಿಕೋದ ಬೇರೆ ಬೇರೆ ಊರಿನ ಅಂಗಡಿಯವರು ಬಂದು ಚೀಲದಲ್ಲಿ ತುಂಬಿಕೊಂಡು ಹೋಗುತ್ತಾರೆ. ನನ್ನಂಥವರು ಒಂದು ಉಂಗುರ ಹಿಡಿದು ಹತ್ತು ನಿಮಿಷ ನಿಂತರೆ ಹಿಂದಿನವರು ಮೊಣಕೈಯಲ್ಲಿ ತಳ್ಳುತ್ತಾರೆ. ಆ ಗದ್ದಲದಲ್ಲೇ ನಾನು ಕಡಗ ಕೊಂಡದ್ದು, 350 ಪೆಸೊಗೆ. ಹಾವೊಂದು ತನ್ನ ಬಾಲವನ್ನೇ ಕಚ್ಚಿದ ಹಾಗೆ ಇತ್ತು. ಅಷ್ಟು ಭಾರದ ಕಡಗ ಆ ದುಡ್ಡಿಗೆ ಬೆಳ್ಳಿಯದ್ದು ಹೇಗೆ ಬರುತ್ತದೆ ಅಂತ ಅಮ್ಮ ಆಗಿದ್ದರೆ ಅಲ್ಲೇ ಕೇಳುತ್ತಿದ್ದಳು. ನನಗೆ ಆವತ್ತು ಸಿಕ್ಕಾಪಟ್ಟೆ ಲಾಭ ಆಯ್ತು ಅಂತ ಖುಷಿ.

ಗೆಳತಿಗೆ "ಎಷ್ಟು ಹಳೇ ಸಂಪ್ರದಾಯ ಅಲ್ವಾ" ಅಂದೆ. ಹಾವು, ಚಿರತೆ, ಸೂರ್ಯನ ಮುಖ, ಎಲ್ಲ ಸ್ಪೇನಿನವರು ಬರುವ ಮುಂಚೆ ಅಲ್ಲಿ ಆಳುತ್ತಿದ್ದ ಆಜ್ಟೆಕರ ಕಾಲದಿಂದ ಇಳಿದು ಬಂದ ಹಾಗೆ ಇತ್ತು. ಅವಳು ಭುಜ ಹಾರಿಸಿ, "ನನ್ನಜ್ಜನಿಗಿಂತ ಚಿಕ್ಕದು" ಅಂದಳು. ನಾನು ತಮಾಷೆ ಅಂದುಕೊಂಡೆ.

ಬೆಳ್ಳಿ ಇತ್ತು, ಅಕ್ಕಸಾಲಿ ಇರಲಿಲ್ಲ

ತಮಾಷೆಯಾಗಿರಲಿಲ್ಲ. ಟಾಸ್ಕೋದ ಬೆಳ್ಳಿ ಕೆಲಸ ಶುರುವಾದದ್ದು 1931ರಲ್ಲಿ. ಶುರು ಮಾಡಿದ್ದು ಒಬ್ಬ ಅಮೆರಿಕನ್.

ಇದನ್ನು ಅರಗಿಸಿಕೊಳ್ಳೋದು ನನಗೆ ಕಷ್ಟವಾಯಿತು. ಯಾಕೆಂದರೆ ಬೆಳ್ಳಿ ಅಲ್ಲಿ ಹತ್ತಿರ ಹತ್ತಿರ 500 ವರ್ಷದಿಂದ ಇದೆ. ಸ್ಪೇನಿನವರು ಬಂದು ಹತ್ತಿಪ್ಪತ್ತು ವರ್ಷದಲ್ಲೇ ಟಾಸ್ಕೋದ ಗುಡ್ಡ ಅಗೆಯಲು ಶುರು ಮಾಡಿದ್ದರು. 18ನೇ ಶತಮಾನದಲ್ಲಿ ಹೊಸೆ ದೆ ಲಾ ಬೋರ್ದಾ ಅನ್ನುವ ಗಣಿಧಣಿಗೆ ಒಳ್ಳೇ ಅದಿರು ಸಿಕ್ಕಿತು. 1751ರಿಂದ 1758ರೊಳಗೆ ಊರ ನಡುವೆ ಸಾಂತಾ ಪ್ರಿಸ್ಕಾ ಅನ್ನುವ ಚರ್ಚು ಕಟ್ಟಿಸಿದ. ಗುಲಾಬಿ ಬಣ್ಣದ ಕಲ್ಲು, ಒಳಗೆ ನೆಲದಿಂದ ಮಾಡಿನವರೆಗೆ ಚಿನ್ನದ ಲೇಪ. ದೇವರು ಬೋರ್ದಾಗೆ ಕೊಡುತ್ತಾನೆ, ಬೋರ್ದಾ ದೇವರಿಗೆ ಕೊಡುತ್ತಾನೆ ಅಂತ ಅವನ ಮಾತನ್ನು ಇವತ್ತಿಗೂ ಹೇಳುತ್ತಾರೆ. ನಡುವೆ ಗುಡ್ಡದೊಳಗೆ ಇಳಿದವರು ಯಾರು ಅನ್ನುವುದು ಆ ಮಾತಿನಲ್ಲಿ ಇಲ್ಲ.

ಬೆಳ್ಳಿ ಬಂತು, ಹೋಯಿತು. ಅದರ ಒಂದು ಪಾಲು ರಾಜನಿಗೆ. ಆ ಪಾಲು ತಪ್ಪಿಸಿಕೊಳ್ಳಬಾರದು ಅಂತ ಅಕ್ಕಸಾಲಿಗರ ಮೇಲೆ ಬಿಗಿ ಕಣ್ಣು. ಅವರಿಗೆ ಸಂಘ, ನಿಯಮ. ಮೆಕ್ಸಿಕೋ ಸಿಟಿಯಲ್ಲಿ ಅವರ ಅಂಗಡಿಗಳಿದ್ದ ಬೀದಿಗೆ ಬೆಳ್ಳಿ ಕೆಲಸದವರ ಬೀದಿ ಅಂತಲೇ ಹೆಸರಿತ್ತು. ಈಗ ಅದು ಮಾದೆರೊ ಬೀದಿ, ಜನ ಐಸ್‌ಕ್ರೀಂ ತಿನ್ನುತ್ತಾ ಓಡಾಡುತ್ತಾರೆ. ಗಣಿಯ ಊರಲ್ಲಿ ಅಗೆಯುವವರಿದ್ದರು. ಕೆತ್ತುವವರು ಇರಲಿಲ್ಲ.

ಅಗೆದ ಬೆಳ್ಳಿ ಎಲ್ಲಿಗೆ ಹೋಯಿತು ಅಂತ ಹುಡುಕುತ್ತಾ ಹೋದರೆ ನಮ್ಮ ಕಡೆಗೇ ಬರುತ್ತದೆ. 1550ರ ದಶಕದಲ್ಲಿ ಪಚೂಕಾ ಅನ್ನುವ ಊರಲ್ಲಿ ಬಾರ್ತೊಲೊಮೆ ದೆ ಮೆದಿನಾ ಎಂಬಾತ ಪಾದರಸ ಹಾಕಿ ಬೆಳ್ಳಿ ತೆಗೆಯುವ ವಿಧಾನ ತಂದ. ಅದಿರನ್ನು ಪುಡಿ ಮಾಡಿ, ನೀರು, ಉಪ್ಪು, ಪಾದರಸ ಸೇರಿಸಿ ದೊಡ್ಡ ಅಂಗಳದಲ್ಲಿ ಕೆಸರು ಮಾಡುವುದು. ವಾರಗಟ್ಟಲೆ ಅದನ್ನು ತುಳಿಯುವುದು, ಮೊದಮೊದಲು ಮನುಷ್ಯರು, ಆಮೇಲೆ ಹೇಸರಗತ್ತೆಗಳು. ಗದ್ದೆ ಕೆಸರು ತುಳಿದ ಹಾಗೆ, ಆದರೆ ಕಾಲ ಕೆಳಗೆ ವಿಷ. ಬಡ ಅದಿರಿನಿಂದಲೂ ಬೆಳ್ಳಿ ತೆಗೆಯಲು ಬಂದದ್ದೇ ತಡ, ರಾಶಿ ರಾಶಿ ರಿಯಾಲ್ ನಾಣ್ಯ ಅಚ್ಚಾಯಿತು. ಒಂದಷ್ಟು ಅಕಾಪುಲ್ಕೋದಿಂದ ಮನಿಲಾಗೆ ಹಡಗಿನಲ್ಲಿ ಹೋಯಿತು, ಅಲ್ಲಿಂದ ಚೀನಾಕ್ಕೆ. ಒಂದಷ್ಟು ಯುರೋಪು ಸುತ್ತಿ ಸೂರತ್ತಿಗೆ ಬಂದು ಕರಗಿ ಮೊಘಲರ ರೂಪಾಯಿ ಆಯಿತು. ಪೋರ್ಚುಗೀಸರ ಹಡಗುಗಳು ಮೆಣಸು ಕೊಳ್ಳಲು ಗೋವಾಕ್ಕೆ ತರುತ್ತಿದ್ದ ದುಡ್ಡಿನಲ್ಲೂ ಈ ರಿಯಾಲ್ ಇರುತ್ತಿತ್ತು. ಆ ಮೆಣಸಿನಲ್ಲಿ ನಮ್ಮ ಘಟ್ಟದ ಮೆಣಸೂ ಸೇರಿತ್ತು. 1623ರಲ್ಲಿ ಪೋರ್ಚುಗೀಸರ ರಾಯಭಾರಿ ಕೆಳದಿಯ ಅರಸ ವೆಂಕಟಪ್ಪ ನಾಯಕನನ್ನು ನೋಡಲು ಇಕ್ಕೇರಿಯವರೆಗೆ ಹತ್ತಿ ಬಂದದ್ದು ಸುಮ್ನೆ ಅಲ್ಲ.

ಇಕ್ಕೇರಿ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಕಾಲು ಗಂಟೆ. ನಮ್ಮ ಕಡೆ ವರಹ, ಹೊನ್ನು ಅಂತ ಚಿನ್ನದ ನಾಣ್ಯ ಓಡಾಡುತ್ತಿದ್ದವು, ಬೆಳ್ಳಿಗೆ ಹೇಳಿಕೊಳ್ಳುವಂಥ ಗಣಿ ಇರಲಿಲ್ಲ. ಬೆಳ್ಳಿ ಹೊರಗಿನಿಂದ ಬರಬೇಕಿತ್ತು. ಮತ್ತೆ ಬೆಳ್ಳಿಯನ್ನು ನಾವು ಎಸೆಯುವವರಲ್ಲ. ಅಜ್ಜಿಯ ಕಾಲುಕಡಗ ಕರಗಿ ಅಮ್ಮನ ಗೆಜ್ಜೆ, ಅದು ಕರಗಿ ನನ್ನ ಕಾಲುಂಗುರ, ಉಳಿದದ್ದರಲ್ಲಿ ಮಗುವಿಗೆ ಉಡಿದಾರ. ಹಾಗಾಗಿ ಅಮ್ಮನ ಪೆಟ್ಟಿಗೆಯಲ್ಲಿ ಕೂತಿರುವ ಡಾಬಿನಲ್ಲಿ ಎಲ್ಲೋ ಒಂದು ಗುಲಗಂಜಿ ಮೆಕ್ಸಿಕೋ ಬೆಳ್ಳಿ ಇದ್ದರೂ ಇರಬಹುದು ಅಂತ ನನಗೊಂದು ಆಸೆ. ಮೆಕ್ಸಿಕೋದಿಂದ ನಾನು ತಂದದ್ದರಲ್ಲಿ ಮಾತ್ರ ಇಲ್ಲ. ಅಮ್ಮನಿಗೆ ಇದನ್ನು ಹೇಳಿದಾಗ ತುಂಬ ಹೊತ್ತು ನಕ್ಕಳು.

ಈಗ ಆ ಅಮೆರಿಕನ್ ವಿಷಯ. ವಿಲಿಯಂ ಸ್ಪ್ರ್ಯಾಟ್ಲಿಂಗ್ ಅಂತ. ನ್ಯೂ ಆರ್ಲಿಯನ್ಸಿನ ಟುಲೇನ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಹೇಳಿಕೊಡುತ್ತಿದ್ದವನು. ಬೇಸಿಗೆ ರಜೆಗೆ ಮೆಕ್ಸಿಕೋಗೆ ಬಂದು ಬಂದು, 1929ರಲ್ಲಿ ಟಾಸ್ಕೋದಲ್ಲೇ ಉಳಿದುಬಿಟ್ಟ. ಅಮೆರಿಕದ ರಾಯಭಾರಿ ಡ್ವೈಟ್ ಮಾರೊ ಇವನಿಗೆ ಸ್ನೇಹಿತ. ಇಷ್ಟು ವರ್ಷ ಬೆಳ್ಳಿ ಅಗೆದ ಊರಲ್ಲಿ ಬೆಳ್ಳಿ ಕೆಲಸವೇ ಇಲ್ಲವಲ್ಲ ಅಂತ ಮಾತಿಗೆ ಮಾರೊ ಅಂದದ್ದು ಇವನ ತಲೆಯಲ್ಲಿ ಕೂತಿತಂತೆ. ಪಕ್ಕದ ಇಗ್ವಾಲಾ ಊರಿನಿಂದ ಆರ್ತೆಮಿಯೊ ನವರೆತೆ ಅನ್ನುವ ಅಕ್ಕಸಾಲಿಯನ್ನು ಕರೆಸಿದ. ಲಾಸ್ ದೆಲಿಸಿಯಾಸ್ ಅನ್ನುವ ಬೀದಿಯಲ್ಲಿ ಕಾರ್ಖಾನೆ ಹಾಕಿದ. ಸ್ಪೇನಿನವರು ಬರುವ ಮುಂಚಿನ ಮಣ್ಣಿನ ಮುದ್ರೆಗಳು, ಕಲ್ಲಿನ ಕೆತ್ತನೆಗಳನ್ನು ನೋಡಿ ಚಿತ್ರ ಬರೆದುಕೊಡುವುದು ಇವನು, ಬೆಳ್ಳಿಗೆ ಇಳಿಸುವುದು ನವರೆತೆ ಮತ್ತು ಅವನ ಕೈಕೆಳಗೆ ಕಲಿಯುತ್ತಿದ್ದ ಊರ ಹುಡುಗರು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾಲು ನಿಂತಾಗ ಅಮೆರಿಕದ ದೊಡ್ಡ ಅಂಗಡಿಗಳೆಲ್ಲ ಇಲ್ಲಿಗೆ ಬಂದವು, ಕೆಲಸಗಾರರ ಸಂಖ್ಯೆ ನೂರಾರು ಆಯಿತು. ಯುದ್ಧ ಮುಗಿದದ್ದೇ ಬೇಡಿಕೆ ಕುಸಿದು ಕಂಪನಿ ಮುಳುಗಿತು. 1967ರಲ್ಲಿ ಕಾರು ಅಪಘಾತದಲ್ಲಿ ಆತ ತೀರಿಕೊಂಡ.

ಇವನ ಬಗ್ಗೆ ನನಗೆ ಎರಡು ಮನಸ್ಸು. ಒಬ್ಬ ಹೊರಗಿನವನು ಬಂದು ನಿಮ್ಮ ಪೂರ್ವಜರ ಹಾವನ್ನು ನಿಮಗೇ ಕಲಿಸಿ, ಅದನ್ನು ತನ್ನ ದೇಶದವರಿಗೆ ಮಾರುವುದು ಅಂದರೆ ಸ್ವಲ್ಪ ಇರುಸುಮುರುಸು ಆಗುತ್ತದೆ. ಆದರೆ ಇನ್ನೊಂದು ಸಂಗತಿಯೂ ಇದೆ. ಟಾಸ್ಕೋದಲ್ಲಿ ನಡೆದದ್ದನ್ನೇ ಅಲಾಸ್ಕಾದಲ್ಲಿ ಮಾಡೋಣ ಅಂತ 1940ರ ದಶಕದಲ್ಲಿ ಇವನನ್ನು ಕರೆದರು. ಹೋಗಿ ಓಡಾಡಿದ, ಮಾದರಿಗಳನ್ನು ಮಾಡಿಕೊಟ್ಟ, ಅಲ್ಲಿನ ಕೆಲವರು ಟಾಸ್ಕೋಗೆ ಬಂದು ಕಲಿತು ಹೋದರು. ದುಡ್ಡು ಬರಲಿಲ್ಲ, ಅಲ್ಲಿಗೆ ನಿಂತಿತು. ಅವನೇ, ಅದೇ ಉಪಾಯ. ಟಾಸ್ಕೋದಲ್ಲಿ ಮಾತ್ರ ಕಂಪನಿ ಮುಳುಗಿದ ಮೇಲೂ ಕೆಲಸ ನಿಲ್ಲಲಿಲ್ಲ. ಅವನ ಹತ್ತಿರ ಕಲಿತ ಹುಡುಗರು ಅಷ್ಟರಲ್ಲಿ ತಮ್ಮದೇ ಕಾರ್ಖಾನೆ ಹಾಕಿಯಾಗಿತ್ತು. ಕಾಸ್ತಿಯೊ ಅಣ್ಣತಮ್ಮಂದಿರು 1939ರಲ್ಲೇ ಬೇರೆ ಆದರು. ಬೆಳ್ಳಿ, ತಾಮ್ರ, ಹಿತ್ತಾಳೆಯನ್ನು ಬಿಡಿ ಬಿಡಿಯಾಗಿ ಕತ್ತರಿಸಿ ಅಂಚಿಗೆ ಅಂಚು ಸೇರಿಸಿ ಒಂದೇ ತಗಡು ಮಾಡುವ ಕೆಲಸಕ್ಕೆ ಇವರು ಹೆಸರು ಮಾಡಿದರು, ಅದಕ್ಕೆ ಅಲ್ಲಿ ಲೋಹಗಳ ಮದುವೆ ಅನ್ನುತ್ತಾರೆ. ಅವರಲ್ಲಿ ಆಂತೋನಿಯೊನ ಹೆಂಡತಿ ಮಾರ್ಗೊ, ಆಕೆಯೂ ಅಮೆರಿಕದವಳೇ, ಗಂಡನನ್ನು ಬಿಟ್ಟು 1948ರಲ್ಲಿ ತನ್ನದೇ ಕಾರ್ಖಾನೆ ತೆರೆದು ಬೆಳ್ಳಿ ಮೇಲೆ ಬಣ್ಣದ ಮೀನಾ ಕೆಲಸ ಮಾಡಿಸಿದಳು. ಲೋಹದ ಮದುವೆ ಉಳಿಯಿತು, ಮನುಷ್ಯರದ್ದು ಉಳಿಯಲಿಲ್ಲ.

ಗರಗಸದ ಹುಡುಗ

ಸಂತೆಯ ಮಾರನೇ ದಿನ ಗೆಳತಿ ತನಗೆ ಗೊತ್ತಿದ್ದ ಒಂದು ಮನೆಗೆ ಕರೆದುಕೊಂಡು ಹೋದಳು. ಮೆಟ್ಟಿಲು ಹತ್ತಿ ಹತ್ತಿ ಉಸಿರು ಹೋಯಿತು. ಮುಂದೆ ಕೋಳಿ, ಒಗೆದ ಬಟ್ಟೆ, ಹಿಂದೆ ತಗಡಿನ ಮಾಡು ಹಾಕಿದ ಕೋಣೆ. ನಾಲ್ಕು ಮೇಜು. ಒಂದರಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗ ಬೆಳ್ಳಿ ತಗಡಿನಲ್ಲಿ ಬಳ್ಳಿಯ ಚಿತ್ರ ಕೊರೆಯುತ್ತಿದ್ದ. ಕಮಾನಿನ ಹಾಗಿರುವ ಚೌಕಟ್ಟು, ಅದಕ್ಕೆ ಕಟ್ಟಿದ ಗರಗಸ ದಪ್ಪ ಕೂದಲಿನಷ್ಟು. ಗರಗಸವನ್ನು ಮೇಣದ ಉಂಡೆಗೆ ಒಮ್ಮೆ ಸವರುತ್ತಾನೆ. ತಗಡಿಗೆ ಮೊದಲೇ ಕೊರೆದಿಟ್ಟ ತೂತಿನೊಳಗೆ ತೂರಿಸಿ, ಬಿಗಿ ಮಾಡಿ, ಮೇಲೆ ಕೆಳಗೆ ಎಳೆಯುತ್ತಾನೆ. ಗಮನಿಸಿದರೆ ತಿರುವಿನಲ್ಲಿ ಗರಗಸ ತಿರುಗುವುದಿಲ್ಲ. ಇನ್ನೊಂದು ಕೈ ತಗಡನ್ನೇ ನಿಧಾನ ತಿರುಗಿಸುತ್ತದೆ, ಗರಗಸ ನಿಂತಲ್ಲೇ ಆಡುತ್ತಿರುತ್ತದೆ. ಸ್ವಲ್ಪ ಆತುರ ಮಾಡಿದರೂ ಟಿಕ್ ಅಂತ ತುಂಡಾಗುತ್ತದೆ. ನಾವಿದ್ದ ಅರ್ಧ ಗಂಟೆಯಲ್ಲಿ ಎರಡು ತುಂಡಾದವು. ಬೈದುಕೊಳ್ಳಲಿಲ್ಲ. ಪಕ್ಕದ ಡಬ್ಬಿಯಿಂದ ಇನ್ನೊಂದು ತೆಗೆದ.

ಮೇಜಿನ ಕೆಳಗೆ ಅವನ ತೊಡೆಯ ಮೇಲೆ ಜೋಳಿಗೆಯ ಹಾಗೆ ಒಂದು ಚರ್ಮ ಕಟ್ಟಿತ್ತು. ಉದುರಿದ ಬೆಳ್ಳಿಯ ಪುಡಿಯೆಲ್ಲ ಅದಕ್ಕೆ ಬೀಳುತ್ತದೆ. ಸಂಜೆ ಅದನ್ನು ತೂಗಿ, ಬೆಳಿಗ್ಗೆ ಕೊಟ್ಟ ತಗಡಿನ ತೂಕಕ್ಕೆ ಹೋಲಿಸುತ್ತಾರಂತೆ. ನನಗೆ ಕಾಲ ಹಿಂದಕ್ಕೆ ಓಡಿದ ಹಾಗಾಯಿತು. ನಮ್ಮೂರ ಆಚಾರ್ರ ಕೋಣೆ ಗುಡಿಸುವ ಹಕ್ಕು ಅವರ ಹೆಂಡತಿಗೂ ಇರಲಿಲ್ಲ. ಅವರೇ ಗುಡಿಸಿ, ಆ ಕಸವನ್ನು ಡಬ್ಬದಲ್ಲಿ ತುಂಬಿಡುತ್ತಿದ್ದರು. ವರ್ಷಕ್ಕೊಮ್ಮೆ ತೊಳೆದು ಬೆಂಕಿಗೆ ಹಾಕಿದರೆ ಒಂದು ಉಂಡೆ ಸಿಗುತ್ತದೆ ಅಂತ ಹೇಳುತ್ತಿದ್ದರು.

ಹುಡುಗ ತೋರಿಸಿದ ಇನ್ನೊಂದು ವಿಷಯ ನನಗೆ ಆವತ್ತು ಅರ್ಥವಾಗಲಿಲ್ಲ. ತಗಡಿನ ಬೆಳ್ಳಿ ಟಾಸ್ಕೋದ್ದಲ್ಲ, ಬೇರೆ ಕಡೆಯಿಂದ ಕಾಳಿನ ರೂಪದಲ್ಲಿ ಬರುತ್ತದೆ, ಕೊಂಡು ಕರಗಿಸಿಕೊಳ್ಳುತ್ತಾರೆ. ಊರಿನ ಗಣಿ 2007ರ ಮುಷ್ಕರದಲ್ಲಿ ನಿಂತುಹೋಯಿತು. ಮೊದಲು ಬೆಳ್ಳಿ ಇತ್ತು, ಕೆಲಸದವರು ಇರಲಿಲ್ಲ. ಈಗ ಕೆಲಸದವರಿದ್ದಾರೆ, ಬೆಳ್ಳಿಯನ್ನು ಹೊರಗಿನಿಂದ ತರುತ್ತಾರೆ.

ಕೊನೆಗೆ ಮುಗಿದ ಪದಕ ಒಂದನ್ನು ತಿರುಗಿಸಿ ಬೆನ್ನು ತೋರಿಸಿದ. 925 ಅಂತ ಒತ್ತಿತ್ತು, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಪಕ್ಕದಲ್ಲಿ ಟಿ ಅಂತ ಶುರುವಾಗುವ ಎರಡು ಅಕ್ಷರ, ಒಂದು ಅಂಕಿ. ಟಿ ಅಂದರೆ ಟಾಸ್ಕೋ. ಎರಡನೇ ಅಕ್ಷರ ಮಾಲೀಕನ ಹೆಸರಿನದ್ದು. 1979ರ ಸುಮಾರಿಗೆ ಬಂದ ಪದ್ಧತಿ ಇದು. ಅದಕ್ಕೂ ಮುಂಚೆ ಹದ್ದಿನ ಮುದ್ರೆ ಇತ್ತು. ಹಳೇ ಒಡವೆ ಸಂಗ್ರಹಿಸುವವರು ಭೂತಗನ್ನಡಿ ಹಿಡಿದು ಮೊದಲು ನೋಡುವುದು ಬೆನ್ನು, ಆಮೇಲೆ ಮುಖ. ಸ್ಪ್ರ್ಯಾಟ್ಲಿಂಗ್ ಮುದ್ರೆ ಇದ್ದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಅದನ್ನು ಕೊರೆದು, ಬೆಸೆದು, ಉಜ್ಜಿದವನು ನವರೆತೆಯೋ, ಇಂಥದ್ದೇ ಮೇಜಿನಲ್ಲಿ ಕೂತ ಹದಿನೈದು ವರ್ಷದ ಯಾವನೋ ಹುಡುಗನೋ, ಮುದ್ರೆಯಲ್ಲಿ ಇರುವುದಿಲ್ಲ.

ಆ ಪದಕ ಕೊಂಡೆ. ಅದು ನಿಜದ ಬೆಳ್ಳಿ, ಅಮ್ಮ ಪಾಸು ಮಾಡಿದ್ದಾಳೆ. ಹುಡುಗನ ಹೆಸರು ಕೇಳಲು ಮರೆತೆ.

ನೀರು ನಿಲ್ಲದ ಹೂಜಿ

ಮರುವರ್ಷ ಮೆಕ್ಸಿಕೋದ ಇನ್ನೊಂದು ಊರು ವಹಾಕಾಗೆ ಹೋದೆವು. ಅಲ್ಲಿಂದ ಸ್ವಲ್ಪ ದೂರದಲ್ಲಿ ಸಾನ್ ಬಾರ್ತೊಲೊ ಕೊಯೊತೆಪೆಕ್ ಅಂತ ಊರು, ಕಪ್ಪು ಮಡಕೆಗೆ ಪ್ರಸಿದ್ಧ. ಕರಿ ಗಾಜೋ ಅನ್ನುವ ಹಾಗೆ ಹೊಳೆಯುತ್ತವೆ. ಈ ಸಲ ನಾನು ಹುಷಾರಾಗಿದ್ದೆ, ಎಷ್ಟು ಹಳೇದು ಅಂತ ಮೊದಲೇ ಕೇಳಿದೆ. ಮಡಕೆ ಸಾವಿರಾರು ವರ್ಷದ್ದು. ಹೊಳಪು 1950ರ ದಶಕದ್ದು.

ಮೊದಲು ಅವು ಬೂದು ಬಣ್ಣದ, ಹೊಳಪಿಲ್ಲದ ಗಟ್ಟಿ ಮಡಕೆಗಳು. ನೀರು, ಮೆಸ್ಕಾಲ್ ಹೆಂಡ ತುಂಬಿಸಿ ಸಾಗಿಸುತ್ತಿದ್ದರು. ದೋನ್ಯಾ ರೋಸಾ ಅನ್ನುವ ಕುಂಬಾರ ಹೆಂಗಸು, ಅರೆ ಒಣಗಿದ ಮಡಕೆಯನ್ನು ಬೆಣಚುಕಲ್ಲಿನಿಂದ ಉಜ್ಜಿ, ಆವಿಗೆಯ ಬಿಸಿ ಸ್ವಲ್ಪ ತಗ್ಗಿಸಿ ಸುಟ್ಟರೆ ಹೀಗೆ ಕಪ್ಪಗೆ ಮಿಂಚುತ್ತದೆ ಅಂತ ಕಂಡುಕೊಂಡಳು. ಆದರೆ ಬಿಸಿ ತಗ್ಗಿಸಿದ್ದರಿಂದ ಮಡಕೆ ಪೂರ್ತಿ ಬೇಯುವುದಿಲ್ಲ, ನೀರು ಹಾಕಿದರೆ ಜಿನುಗುತ್ತದೆ. ಅಂದರೆ ಹೊಳೆಯುವ ಹೂಜಿಯಲ್ಲಿ ನೀರು ನಿಲ್ಲುವುದಿಲ್ಲ. ಜನಕ್ಕೆ ಅದೇ ಬೇಕಾಯಿತು. ಪ್ಲಾಸ್ಟಿಕ್ ಕೊಡ ಬಂದ ಕಾಲ, ನೀರು ತುಂಬಿಸಲು ಮಡಕೆ ಯಾರಿಗೂ ಬೇಡವಾಗುತ್ತಿತ್ತು. ಶೋಕೇಸಿಗೆ ಬೇಕಿತ್ತು.

ಅಂಗಡಿಯಲ್ಲಿ ಹೂಜಿ ತಿರುಗಿಸಿ ತಳ ನೋಡಿದೆ, ಈಗ ಅಭ್ಯಾಸ ಆಗಿಹೋಗಿದೆ. ಹಸಿ ಇರುವಾಗಲೇ ಕಡ್ಡಿಯಲ್ಲಿ ಗೀಚಿದ ಸಹಿ ಇತ್ತು. ನೀರು ತುಂಬುತ್ತಿದ್ದ ಬೂದು ಮಡಕೆಗೆ ಸಹಿ ಯಾರು ಹಾಕಿಯಾರು? ಪಕ್ಕದ ಬೀದಿಯವಳು ಮಾಡಿದ್ದು, ಸೋರಿದರೆ ನಾಳೆ ಹೋಗಿ ಜಗಳ ಆಡಬಹುದು. ಹೂಜಿ ವಿಮಾನ ಹತ್ತಿ ದೂರ ಹೋಗತೊಡಗಿದ ಮೇಲೆ ಹೆಸರಿನ ಕೆಲಸ ಶುರುವಾಯಿತು ಅಂತ ನನಗೆ ಅನಿಸುತ್ತದೆ. ಟಾಸ್ಕೋದ ಮುದ್ರೆಯೂ ಹಾಗೇ. ಮಾಡಿದವನು ಯಾರೋ ಗೊತ್ತಿಲ್ಲದವರು ಲೋಹ ಯಾವುದು ಅಂತಾದರೂ ತಿಳಿದುಕೊಳ್ಳಲಿ ಅಂತ. ನಾನು ಅದನ್ನೂ ಓದಲಿಲ್ಲ ಅನ್ನುವುದು ಬೇರೆ ಮಾತು.

ಆಚಾರ್ರು

ಹೋದ ತಿಂಗಳು ವಿಡಿಯೋ ಕಾಲಿನಲ್ಲಿ ಅಮ್ಮ ಚಕ್ಕುಲಿ ಒತ್ತುತ್ತಿದ್ದಳು. ಕೈಯಲ್ಲಿ ಹಾವಿನ ಕಡಗ. ನನಗೆ ಬೇಡ ಅಂತ ಅಲ್ಲೇ ಬಿಟ್ಟು ಬಂದಿದ್ದೆ, ಅವಳು ದಿನಾ ಹಾಕಿಕೊಳ್ಳುತ್ತಾಳೆ. ಬೆಳ್ಳಿಯದ್ದಾದರೆ ಹೆದರಿಕೆ, ಇದು ಹೋದರೆ ಹೋಯ್ತು ಅನ್ನುತ್ತಾಳೆ. ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಹಳದಿ ಬಿಡಿಸಿದ್ದಾಳೆ. ಹಿಟ್ಟು ಮೆತ್ತಿಕೊಂಡು ಹಾವಿನ ಕಣ್ಣು ಮುಚ್ಚಿತ್ತು.

ನಾನು ಈ ಬರಹದ ಗುಂಗಿನಲ್ಲೇ ಇದ್ದೆ. ಮುದ್ರೆ, ಹೆಸರು, ಕೆತ್ತಿದ ಕೈ ಅಂತೆಲ್ಲ ಅವಳಿಗೆ ಭಾಷಣ ಬಿಗಿದೆ. ನೋಡಮ್ಮ, ನಿನ್ನ ಡಾಬಿಗೆ, ನನ್ನ ಕಾಲುಂಗುರಕ್ಕೆ ಯಾವ ಮುದ್ರೆಯೂ ಇಲ್ಲ, ಆದರೆ ಮಾಡಿದವರು ಯಾರು ಅಂತ ನಮಗೆ ಗೊತ್ತು. ಅಲ್ಲಿ ಎಲ್ಲದಕ್ಕೂ ಮುದ್ರೆ ಇದೆ, ಮಾಡಿದವರು ಯಾರೋ ಗೊತ್ತಿಲ್ಲ. ಅಮ್ಮ ಚಕ್ಕುಲಿ ಸುತ್ತುತ್ತಾ ಹೂಂ ಹೂಂ ಅಂದಳು. ನಮ್ಮ ಮದುವೆ ಒಡವೆಯೆಲ್ಲ ಆಚಾರ್ರೇ ಮಾಡಿದ್ದು ಅಂತ ನೆನಪು ತೆಗೆದಳು. ನನ್ನ ಕಿವಿ ಚುಚ್ಚಿದ್ದು ಅವರೇ, ನಾನು ಅವರ ಬೆರಳು ಕಚ್ಚಿದ್ದೆನಂತೆ. ಅಗ್ಗಿಷ್ಟಿಕೆ ಮುಂದೆ ಊದುಗೊಳವೆ ಕಚ್ಚಿಕೊಂಡು ಕೂತಿರುತ್ತಿದ್ದ ಅವರ ಉಬ್ಬಿದ ಕೆನ್ನೆ ನನಗೂ ಕಣ್ಣಿಗೆ ಕಟ್ಟಿತು.

"ಅವರ ಹೆಸರೆಂತ ಅಮ್ಮಾ?" ಅಂದೆ. ಬರಹದಲ್ಲಿ ಹಾಕೋಣ ಅಂತಲ್ಲ, ಸುಮ್ನೆ.

ಚಕ್ಕುಲಿ ಒರಳು ನಿಂತಿತು. "ಹೆಸರು... ಆಚಾರ್ರು ಕಣೇ" ಅಂದಳು. ಮತ್ತೆ ಸ್ವಲ್ಪ ಹೊತ್ತು ಯೋಚಿಸಿದಳು. ಅವರ ಮಗನ ಹೆಸರು ಹೇಳಿದಳು, ಅವನು ನನ್ನ ಕ್ಲಾಸಿನವನು. ಹೆಂಡತಿಗೆ ಎಲ್ಲರೂ ಆಚಾರ್ರಮ್ಮ ಅನ್ನುತ್ತಿದ್ದರು. ಮನೆ ಯಾವುದು, ತೋಟಕ್ಕೆ ಹೋಗುವ ದಾರಿ ಯಾವುದು, ಯಾವ ವರ್ಷ ಕಣ್ಣಿನ ಆಪರೇಷನ್ ಆಯಿತು, ಎಲ್ಲ ಗೊತ್ತು. ಹೆಸರು ಮಾತ್ರ ಬರಲಿಲ್ಲ. ನಲವತ್ತು ವರ್ಷ ಅವರ ಹತ್ತಿರ ಒಡವೆ ಮಾಡಿಸಿದ್ದಾಳೆ.

"ಇರು, ಅಪ್ಪನ ಕೇಳ್ತೀನಿ" ಅಂತ ಫೋನ್ ಕಟ್ಟೆ ಮೇಲಿಟ್ಟು ಹೋದಳು. ಒಳಗೆ ಅಪ್ಪನ ದನಿ ಕೇಳಿಸಿತು, "ಯಾರು? ಆಚಾರ್ರಾ? ಹೆಸರಾ? ಅವರ ಹೆಸರು..." ಅಂತ ಎಳೆದರು. ಎಣ್ಣೆ ಕಾಯುತ್ತಿತ್ತು, ಅಮ್ಮ ಓಡಿ ಬಂದಳು. ನಾಳೆ ಪೇಟೆಗೆ ಹೋದಾಗ ವಿಚಾರಿಸಿ ಹೇಳ್ತಾರಂತೆ ಅಂದಳು.

ಇನ್ನೂ ಹೇಳಿಲ್ಲ.